ಟಿಟಿಎಲ್ (ಪ್ಯಾಕೆಟ್ಟಿನ ಜೀವಿತಾವಧಿ)

ಅಂತರಜಾಲದಲ್ಲಿ ಸಂಚರಿಸುವ ಪ್ಯಾಕೆಟ್ಟು ಇನ್ನೆಷ್ಟು ರೂಟರುಗಳನ್ನು ದಾಟಬಹುದೆಂಬುದನ್ನು ನಿಯಮಿಸುವ, ಅದರ ಶಿರೋಭಾಗದಲ್ಲಿರತಕ್ಕ ಎಂಟು ಬಿಟ್ಟುಗಳ ಸಂಖ್ಯೆ. ಇದರ ಪರಮಾವಧಿ 255. 1981ರ ಐಪಿ ನಿಯಮಾವಳಿಯು ಇದನ್ನು ಸೆಕೆಂಡುಗಳ ಅಳತೆಯೆಂದೇ ವಿಧಿಸಿತ್ತಾದರೂ, ಪ್ರತಿಯೊಂದು ರೂಟರೂ ಕನಿಷ್ಠಪಕ್ಷ ಒಂದನ್ನು ಕಳೆಯಲೇಬೇಕೆಂಬ ಕಟ್ಟಳೆಯಿದ್ದುದರಿಂದ, ವ್ಯವಹಾರದಲ್ಲಿ ಇದು ರೂಟರುಗಳ ಎಣಿಕೆಯಾಗಿಯೇ ನೆಲೆಗೊಂಡಿತು. ಸಂಖ್ಯೆ ಸೊನ್ನೆಗಿಳಿದೊಡನೆ ರೂಟರು ಪ್ಯಾಕೆಟ್ಟನ್ನು ತ್ಯಜಿಸಿ, ಅವಧಿ ಮುಗಿಯಿತೆಂಬ ಐಸಿಎಂಪಿ ಸಂದೇಶವನ್ನು ಮೂಲಸ್ಥಾನಕ್ಕೆ ಕಳುಹಿಸುವುದು. ದಾರಿತಪ್ಪಿದ ಪ್ಯಾಕೆಟ್ಟುಗಳು ಕೊನೆಯಿಲ್ಲದೆ ಸುತ್ತುತ್ತಿರಬಾರದೆಂಬುದೇ ಮೂಲೋದ್ದೇಶ.

ಈ ರಕ್ಷಣೋಪಾಯವನ್ನೇ ಶೋಧನೋಪಾಯವನ್ನಾಗಿ ಮಾರ್ಪಡಿಸಿದುದು, ಸ್ಟೀವ್ ಡೀರಿಂಗ್ ಅವರ ಸೂಚನೆಯಂತೆ 1980ರ ದಶಕದ ಉತ್ತರಾರ್ಧದಲ್ಲಿ ವ್ಯಾನ್ ಜೇಕಬ್ಸನ್ ರಚಿಸಿದ ಟ್ರೇಸ್‌ರೂಟ್. ಇದರ ಸರಳತೆ ನಿಜಕ್ಕೂ ಶ್ಲಾಘ್ಯವಾದುದು. ಕುಮಟೆಯ ಗಣಕವೊಂದರಿಂದ ಭಟ್ಕಳದ ಗಣಕಕ್ಕಿರುವ ಮಾರ್ಗವನ್ನು ಅರಸುವೆವೆಂದು ಭಾವಿಸೋಣ. ಉಪಕರಣವು ಮೊದಲು ಟಿಟಿಎಲ್ ಒಂದೆಂದಿಟ್ಟು ಮೂರು ಪ್ಯಾಕೆಟ್ಟುಗಳನ್ನು ಹೊರಡಿಸುವುದು. ಅವು ಮನೆಯ ರೂಟರಿನಲ್ಲಿಯೇ ಅವಸಾನ ಹೊಂದಿ, ಅದರ ವಿಳಾಸವನ್ನು ಪ್ರಕಟಪಡಿಸುವುವು. ಎರಡೆಂದಿಟ್ಟಾಗ ಮುಂದಿನ ರೂಟರು, ಮೂರೆಂದಿಟ್ಟಾಗ ಅದರಾಚೆಯದು, ಹೀಗೆ ಗುರಿ ಸಿಗುವವರೆಗೆ ಇಲ್ಲವೆ ರೂಢಿಯ ಮಿತಿಯಾದ 30ನ್ನು ಮುಟ್ಟುವವರೆಗೆ ಸಾಗುವುದು. ಯುನಿಕ್ಸ್ ಮಾದರಿಯು 33434ರಿಂದ ಮೇಲಿನ ಯುಡಿಪಿ ಪೋರ್ಟುಗಳನ್ನೂ, ವಿಂಡೋಸಿನದು ಐಸಿಎಂಪಿಯನ್ನೂ ಅವಲಂಬಿಸುತ್ತದೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟೆಯಿಂದ ಹೊರಟವನು ಹೊನ್ನಾವರದ ಬಳಿ ಶರಾವತಿಯನ್ನು ದಾಟಿ ಭಟ್ಕಳವನ್ನು ಸೇರುವನು. ಪ್ಯಾಕೆಟ್ಟಿಗಾದರೋ ಭೂಪಟದ ಈ ಸಾಮೀಪ್ಯ ಲೆಕ್ಕಕ್ಕಿಲ್ಲ. ಎರಡೂರುಗಳ ಸಂಪರ್ಕಗಳು ಬೇರೆಬೇರೆ ಸಂಸ್ಥೆಗಳವಾಗಿದ್ದಲ್ಲಿ, ಆ ಸಂಸ್ಥೆಗಳ ಜಾಲಗಳು ಕೂಡುವ ದೂರದ ನಗರಕ್ಕೆ ಘಟ್ಟವನ್ನೇರಿ ಹೋಗಿ ಪುನಃ ಕರಾವಳಿಗಿಳಿಯಬಹುದು. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಾದುದರಿಂದ, ಪ್ರತಿ 100 ಕಿಲೋಮೀಟರಿಗೆ ಹೋಗಿಬರುವ ಕಾಲವು ಸುಮಾರು 1 ಮಿಲಿಸೆಕೆಂಡಿನಷ್ಟು ಹೆಚ್ಚುವುದು.

ದೂರದ ಗಣಕವು ಉತ್ತರಿಸುವುದೇ ಎಂದು ಪರೀಕ್ಷಿಸಲು 1983ರಲ್ಲಿ ಮೈಕ್ ಮೂಸ್ ರಚಿಸಿದ ಪಿಂಗ್ ಎಂಬ ಉಪಕರಣವು ಗುರಿಯನ್ನು ಮುಟ್ಟುವುದನ್ನೇ ಬಯಸುವುದರಿಂದ ಧಾರಾಳವಾದ ಟಿಟಿಎಲ್ ಇಡುತ್ತದೆ: ಸಾಮಾನ್ಯವಾಗಿ ಲಿನಕ್ಸಿನಲ್ಲಿ 64, ವಿಂಡೋಸಿನಲ್ಲಿ 128. ಇದನ್ನು ಬದಲಿಸಲು ಲಿನಕ್ಸಿನಲ್ಲಿ ‘ಟಿ’, ವಿಂಡೋಸಿನಲ್ಲಿ ‘ಐ’ ಎಂಬ ಆಯ್ಕೆಗಳುಂಟು. ವಿಂಡೋಸಿನ ‘ಟಿ’ಗೆ ನಿಲ್ಲಿಸುವವರೆಗೂ ಕಳುಹಿಸುತ್ತಿರೆಂದೇ ಅರ್ಥ. ಉತ್ತರದಲ್ಲಿ ಕಾಣುವ ಟಿಟಿಎಲ್ ನಾವಿಟ್ಟುದಲ್ಲ, ಉತ್ತರಿಸಿದ ಗಣಕವು ಇಟ್ಟುದರಲ್ಲಿ ಉಳಿದುದು. 64ರಿಂದ ಹೊರಟದ್ದು 57 ಆಗಿ ಬಂದಿದ್ದರೆ, ಮರಳುದಾರಿಯಲ್ಲಿ ಏಳು ರೂಟರುಗಳು ಕಳೆದಿವೆಯೆಂದು ಊಹಿಸಬಹುದು.

ಟ್ರೇಸ್‌ರೂಟಿನ ನಡುವಣ ಸಾಲೊಂದರಲ್ಲಿ ನಕ್ಷತ್ರಚಿಹ್ನೆಗಳು ಮಾತ್ರ ಕಂಡರೆ ಜಾಲ ಕಡಿದಿದೆಯೆಂದು ನಿರ್ಣಯಿಸಲಾಗದು. ಐಸಿಎಂಪಿ ಉತ್ತರಗಳನ್ನು ತಡೆಹಿಡಿಯುವ ರೂಟರುಗಳು ಹಲವಿದ್ದು, ಮುಂದಿನ ಸಾಲುಗಳು ಉತ್ತರಿಸುತ್ತಿರುವವರೆಗೆ ಪ್ಯಾಕೆಟ್ಟುಗಳು ಆ ಸ್ಥಳವನ್ನು ದಾಟುತ್ತಲೇ ಇರುತ್ತವೆ.