ಓಡುವ ಸರ್ವರ್‌ನಲ್ಲಿ ಮೆಮೊರಿ ಸೋರಿಕೆ: ಪತ್ತೆಯ ದಾರಿಗಳು ಬೆಳೆದು ಬಂದ ಬಗೆ

1992ರ ನವೆಂಬರ್ 4ರ ನಸುಕಿನಲ್ಲಿ ಲಂಡನ್ ಆಂಬ್ಯುಲೆನ್ಸ್ ಸೇವೆಯ ಕಂಪ್ಯೂಟರ್ ವ್ಯವಸ್ಥೆ ಮೊದಲು ನಿಧಾನವಾಯಿತು, ಆಮೇಲೆ ಪೂರ್ತಿ ನಿಂತೇಹೋಯಿತು. ಕಾರಣ ತನಿಖೆಯಲ್ಲಿ ಹೊರಬಿತ್ತು. ಸುಮಾರು ಮೂರು ವಾರ ಮೊದಲು ಸೇರಿಸಿದ್ದ ಒಂದಿಷ್ಟು ಕೋಡ್, ವಾಹನ ಕಳುಹಿಸಿದಾಗಲೆಲ್ಲ ಫೈಲ್ ಸರ್ವರ್‌ನ ಚೂರು ಮೆಮೊರಿ ಪಡೆದು ಹಿಂದಿರುಗಿಸದೆ ಉಳಿಸಿಕೊಳ್ಳುತ್ತಿತ್ತು. ಒಂದು ಸಲಕ್ಕೆ ಅದು ಲೆಕ್ಕಕ್ಕೇ ಬಾರದಷ್ಟು. ವಾರಗಟ್ಟಲೆ ಸೇರಿದಾಗ ಸರ್ವರ್ ಕುಸಿಯಿತು.

ಕೆಲಸ ಮುಗಿಸಿ ಹೊರಬೀಳುವ ಪ್ರೋಗ್ರಾಮಿನ ಮೆಮೊರಿಯನ್ನೆಲ್ಲ ಆಪರೇಟಿಂಗ್ ಸಿಸ್ಟಂ ವಾಪಸು ಪಡೆಯುತ್ತದೆ. ತಿಂಗಳುಗಟ್ಟಲೆ ಓಡುವ ಸರ್ವರ್‌ಗೆ ಆ ಬಿಡುಗಡೆ ಇಲ್ಲ. ಆದ್ದರಿಂದ ಸೋರಿಕೆ ಪತ್ತೆಯ ಚರಿತ್ರೆಯೆಂದರೆ, ಪರೀಕ್ಷೆಯ ಯಂತ್ರಗಳಲ್ಲಿ ಬಳಸುತ್ತಿದ್ದ ಉಪಕರಣಗಳು ಜನ ಬಳಸುತ್ತಿರುವ ಸರ್ವರ್‌ನೊಳಕ್ಕೆ ಕಾಲಿಟ್ಟ ಚರಿತ್ರೆ.

ಯಾರೂ ಹಿಡಿಯದ ತುಣುಕುಗಳು

ಸಿ ಭಾಷೆಯಲ್ಲಿ ಮ್ಯಾಲಕ್ ಕರೆದು ಪಡೆದದ್ದನ್ನು ಫ್ರೀ ಕರೆದು ಬಿಡುವ ಹೊಣೆ ಪ್ರೋಗ್ರಾಮರ್‌ದು. 1992ರಲ್ಲೇ ರೀಡ್ ಹೇಸ್ಟಿಂಗ್ಸ್ ಮತ್ತು ಬಾಬ್ ಜಾಯ್ಸ್ 'ಪ್ಯೂರಿಫೈ' ಉಪಕರಣದ ಪ್ರಬಂಧ ಪ್ರಕಟಿಸಿದರು. ಯಾವ ಪಾಯಿಂಟರ್ ಕೂಡ ತೋರಿಸದ ಮೆಮೊರಿ ತುಣುಕು ಸೋರಿದ್ದು ಎಂಬುದು ಪ್ಯೂರಿಫೈನ ಸೂತ್ರ. 2002ರಲ್ಲಿ ಜೂಲಿಯನ್ ಸೀವರ್ಡ್ ಹೊರತಂದ ವ್ಯಾಲ್‌ಗ್ರಿಂಡ್ ಈ ಪರೀಕ್ಷೆಯನ್ನು ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ದಕ್ಕಿಸಿತು. ಆದರೆ ಅದರಡಿ ಪ್ರೋಗ್ರಾಂ 20ರಿಂದ 30 ಪಟ್ಟು ನಿಧಾನವಾಗಬಹುದು. ಆಮೇಲೆ ಬಂದ ಲೀಕ್‌ಸ್ಯಾನಿಟೈಸರ್‌ನ ಹೊರೆ ತೀರಾ ಕಡಿಮೆ. ಆದರೂ ಅದು ರೂಢಿಯಂತೆ ಲೆಕ್ಕ ಒಪ್ಪಿಸುವುದು ಪ್ರೋಗ್ರಾಂ ಮುಗಿಯುವ ಹೊತ್ತಿಗೆ. ಮುಗಿಯದೆ ಓಡುವುದೇ ಸರ್ವರ್‌ನ ಕೆಲಸ.

ಹಿಡಿದಿದ್ದರೂ ಬೇಡವಾದದ್ದು

1995ರಲ್ಲಿ ಬಂದ ಜಾವಾ, ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ರೂಪಿಸಿದ್ದ ಗಾರ್ಬೇಜ್ ಕಲೆಕ್ಷನ್ನನ್ನು ವ್ಯಾಪಾರಿ ಜಗತ್ತಿಗೆ ತಲುಪಿಸಿತು. ಯಾರೂ ಹಿಡಿಯದ ವಸ್ತುಗಳನ್ನು ಈಗ ಯಂತ್ರವೇ ಗುಡಿಸತೊಡಗಿತು. ಸೋರಿಕೆ ಮಾತ್ರ ತೀರಲಿಲ್ಲ, ರೂಪ ಬದಲಿಸಿತು. ಲಾಗೌಟ್ ಆದ ಬಳಕೆದಾರನ ವಿವರ ಸ್ಟ್ಯಾಟಿಕ್ ಮ್ಯಾಪ್‌ನಲ್ಲಿ ಹಾಗೆಯೇ ಉಳಿದರೆ, ಅದಕ್ಕೆ ಹೋಗುವ ದಾರಿ ಇರುವವರೆಗೆ ಕಲೆಕ್ಟರ್ ಮುಟ್ಟುವುದಿಲ್ಲ. ಅದು ತಲುಪಬಲ್ಲದ್ದು, ಆದರೆ ಯಾರಿಗೂ ಬೇಡದ್ದು.

ಇಲ್ಲಿ ಹೀಪ್ ಡಂಪ್, ಅಂದರೆ ಪ್ರೋಗ್ರಾಮಿನ ವಸ್ತುಗಳಿರುವ ಮೆಮೊರಿಯಾದ ಹೀಪನ್ನು ಇಡಿಯಾಗಿ ಫೈಲಿಗಿಳಿಸಿದ ಪ್ರತಿ, ನೆರವಿಗೆ ಬಂತು. ಸ್ಯಾಪ್ ಕಂಪನಿ ಎಕ್ಲಿಪ್ಸ್ ಸಮುದಾಯಕ್ಕೆ ಕೊಟ್ಟ ಮೆಮೊರಿ ಅನಲೈಸರ್ ಆ ಡಂಪನ್ನು ಡಾಮಿನೇಟರ್ ಟ್ರೀಯಾಗಿ ಜೋಡಿಸುತ್ತದೆ. ಒಂದು ವಸ್ತುವನ್ನು ಕೈಬಿಟ್ಟರೆ ಅದರೊಡನೆ ಒಟ್ಟು ಎಷ್ಟು ಮೆಮೊರಿ ಬಿಡುಗಡೆಯಾಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಕೆಲವೇ ಬೈಟ್‌ಗಳ ಮ್ಯಾಪ್ ಒಂದು ಗಿಗಾಬೈಟ್ ಹಿಡಿದಿಟ್ಟಿರುವುದು ಹೀಗೆ ಕಣ್ಣಿಗೆ ಬೀಳುತ್ತದೆ. ಆದರೆ ದೊಡ್ಡ ಹೀಪಿನ ಡಂಪ್ ತೆಗೆಯುವಾಗ ಸರ್ವರ್ ತಡೆದು ನಿಲ್ಲುತ್ತದೆ. ಬಳಕೆದಾರರ ಗುಟ್ಟಿನ ಮಾಹಿತಿಯೂ ಆ ಫೈಲಿನಲ್ಲಿ ಸೇರಿರುತ್ತದೆ.

ಕಾಲವನ್ನೇ ಸಾಕ್ಷಿಯಾಗಿಸಿದ ಸಂಶೋಧನೆ

ಒಂದು ಕ್ಷಣದ ಚಿತ್ರದಲ್ಲಿ ಸೋರಿಕೆಗೂ ನ್ಯಾಯವಾದ ಬಳಕೆಗೂ ವ್ಯತ್ಯಾಸ ಕಾಣುವುದಿಲ್ಲ. 2003ರಿಂದ 2007ರವರೆಗಿನ ಸಂಶೋಧನೆ ಈ ಗಂಟನ್ನು ಬಿಡಿಸಿತು. ಮಥಾಯಸ್ ಹಾವ್ಸ್‌ವಿರ್ತ್ ಮತ್ತು ಮೈಕ್ರೋಸಾಫ್ಟ್ ಸಂಶೋಧನಾಲಯದ ತ್ರಿಶೂಲ್ ಚಿಲಿಂಬಿ 2004ರಲ್ಲಿ, ಬಹುಕಾಲ ಯಾರೂ ಓದದ, ಬರೆಯದ ವಸ್ತುವನ್ನು ಸೋರಿಕೆಯೆಂದು ಶಂಕಿಸುವ ಉಪಕರಣ ತೋರಿಸಿದರು. ಎಲ್ಲ ಕಡೆ ಕಣ್ಣಿಡದೆ ಆಯ್ದ ಮಾದರಿಗಳನ್ನಷ್ಟೇ ನೋಡಿದ್ದರಿಂದ ಹೊರೆ ಶೇ. 5ರೊಳಗೆ ಉಳಿಯಿತು. 2007ರಲ್ಲಿ ಮಾರಿಯಾ ಜಂಪ್ ಮತ್ತು ಕ್ಯಾಥರೀನ್ ಮೆಕಿನ್ಲಿ, ಪ್ರತಿ ಗುಡಿಸುವಿಕೆಯ ಬಳಿಕವೂ ಬೆಳೆಯುತ್ತಲೇ ಇರುವ ವಸ್ತುಪ್ರಕಾರಗಳನ್ನು ಗುರುತಿಸಿದರು.

ಇಂದಿನ ದಿನಬಳಕೆಯ ಉಪಕರಣಗಳೂ ಮಾದರಿ ಆಯ್ಕೆಯನ್ನೇ ನೆಚ್ಚಿವೆ. ಯಾವ ಕೋಡ್ ಎಷ್ಟು ಮೆಮೊರಿ ಪಡೆಯಿತೆಂದು ದಾಖಲಿಸುವ ಗೋ ಭಾಷೆಯ ಪ್ರೊಫೈಲರ್ ಸರಾಸರಿ 512 ಕೆಬಿ ಹಂಚಿಕೆಗೆ ಒಂದು ಮಾದರಿ ಹಿಡಿಯುತ್ತದೆ. 2018ರ ಜೆಡಿಕೆ 11ರಲ್ಲಿ ಜಾವಾಕ್ಕೂ ಇಂಥ ಸೌಲಭ್ಯ ಬಂತು. ಲಿನಕ್ಸ್‌ನಲ್ಲಿ, ಕರ್ನಲ್‌ನೊಳಗೆ ಪುಟ್ಟ ಪ್ರೋಗ್ರಾಂ ಓಡಿಸುವ ಇಬಿಪಿಎಫ್ ತಂತ್ರವನ್ನು ಆಧರಿಸಿದ 'ಮೆಮ್‌ಲೀಕ್' ಉಪಕರಣವನ್ನು ಓಡುತ್ತಿರುವ ಪ್ರೋಗ್ರಾಮಿಗೆ ರೀಸ್ಟಾರ್ಟ್ ಮಾಡದೆಯೇ ಜೋಡಿಸಬಹುದು. ಗಂಟೆಗಳ ಅಂತರದಲ್ಲಿ ಎರಡು ಪ್ರೊಫೈಲ್ ತೆಗೆದು ಒಂದರಿಂದ ಇನ್ನೊಂದನ್ನು ಕಳೆದರೆ, ಯಾವ ಸಾಲಿನ ಕೋಡ್ ಮೆಮೊರಿ ನುಂಗುತ್ತಿದೆ ಎಂಬ ಸುಳಿವು ಸಿಗುತ್ತದೆ.

ರೀಸ್ಟಾರ್ಟ್ ಎಂಬ ಮುಲಾಮು

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ದಾರಿಯೂ ಬೆಳೆಯಿತು. ಅಪಾಚೆ ಸರ್ವರ್‌ನಲ್ಲಿ ಇಂತಿಷ್ಟು ಸಂಪರ್ಕ ಮುಗಿದ ಮೇಲೆ ಪ್ರೊಸೆಸನ್ನು ಬದಲಿಸುವ ಸೆಟ್ಟಿಂಗ್ ಇದೆ. ಮೆಮೊರಿ ಮಿತಿ ಮೀರಿದ ಕಂಟೇನರ್ ಕೊನೆಗೊಂಡರೆ, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಸೇವೆ ಉಳಿಸಲು ಇದು ಬೇಕು, ಆದರೆ ರೋಗ ಹಾಗೆಯೇ ಉಳಿಯುತ್ತದೆ. 2012ರ ಅಕ್ಟೋಬರ್ 22ರಂದು ಅಮೆಜಾನ್‌ನ ಕ್ಲೌಡ್ ಸೇವೆ ಪೂರ್ವ ಅಮೆರಿಕದಲ್ಲಿ ಎಡವಿದ್ದಕ್ಕೆ ಮೂಲ, ಸ್ಟೋರೇಜ್ ಸರ್ವರ್‌ಗಳ ಮಾಹಿತಿ ಸಂಗ್ರಹಿಸುವ ಪುಟ್ಟ ಪ್ರೋಗ್ರಾಮಿನಲ್ಲಿ ಅಡಗಿದ್ದ ಸೋರಿಕೆ. ತಲುಪಲಾಗದ ಯಂತ್ರವನ್ನು ಅದು ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸಿದಾಗ ಮಾತ್ರ ಮೆಮೊರಿ ಸೋರುತ್ತಿತ್ತು. ಎಲ್ಲವೂ ಸರಿಯಿರುವ ದಿನದ ಪರೀಕ್ಷೆಗೆ ಇಂಥದ್ದು ಸಿಗುವುದು ಕಷ್ಟ. ಓಡುವ ಸರ್ವರ್‌ನಲ್ಲೇ ಸದಾ ಕಣ್ಣಿಡಬೇಕೆನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಏರುವ ಗ್ರಾಫ್ ಎಲ್ಲವೂ ಸೋರಿಕೆಯಲ್ಲ. ಹೀಪ್ ಚೂರುಚೂರಾಗಿರಬಹುದು, ಅಲೊಕೇಟರ್ ಮುಂದಿನ ಬಳಕೆಗೆಂದು ಹಿಡಿದಿಟ್ಟಿರಬಹುದು. ಮೆಮೊರಿ ಸುರಕ್ಷತೆಗೆ ಹೆಸರಾದ ರಸ್ಟ್ ಭಾಷೆ ಕೂಡ ಸೋರಿಕೆಯಾಗದೆಂಬ ಭರವಸೆ ಕೊಡುವುದಿಲ್ಲ. ಯಾರು ಯಾವುದನ್ನು ಎಷ್ಟು ಹೊತ್ತಿನಿಂದ ಹಿಡಿದಿದ್ದಾರೆ ಎಂದು ಉಪಕರಣ ಹೇಳಬಲ್ಲದು. ಅದು ಇನ್ನೂ ಬೇಕೆ ಎಂಬುದು ಕೋಡ್ ಬರೆದವರಿಗೆ ಮಾತ್ರ ಗೊತ್ತು. ಆದ್ದರಿಂದ ಸಂಗ್ರಹಕ್ಕೊಂದು ಮಿತಿಯನ್ನೂ ಪ್ರತಿ ನೋಂದಣಿಗೊಂದು ರದ್ದತಿಯನ್ನೂ ವಿನ್ಯಾಸದ ಹಂತದಲ್ಲೇ ಬರೆದಿಡಬೇಕು. ಆಗ ಪ್ರೊಫೈಲರ್ ತೋರಿಸುವ ಏರಿಕೆಯನ್ನು ಯಾವುದರೊಂದಿಗೆ ಹೋಲಿಸಬೇಕೆಂಬುದು ಸ್ಪಷ್ಟವಿರುತ್ತದೆ.