ಪದ, ಬ್ಯಾಲಡ್, ಸಾಂಗ್: ಗೋಕಾಕ ಸೀಮೆಯ ಹಾಡಿನ ಮಾತಿನಲ್ಲಿ ಇಂಗ್ಲಿಷು ಬಂದ ಎರಡು ದಾರಿಗಳು

ಘಟಪ್ರಭೆಯ ಆಸುಪಾಸಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಹಾಡಿಗೆ ರೂಢಿಯ ಹೆಸರು ‘ಪದ’. ಬೀಸುವ ಕಲ್ಲಿನ ಪದ, ಸೋಬಾನ ಪದ, ಡೊಳ್ಳಿನ ಪದ, ಚೌಡಕಿ ಪದ, ಮೊಹರಮ್ಮಿನ ರಿವಾಯತ ಪದ, ಗೀಗೀ ಪದ ಎಂದು ಅದರ ಸಂತತಿ ದೊಡ್ಡದು. ಈ ಸೀಮೆಯ ಹಾಡಿನ ಮಾತಿಗೆ ಇಂಗ್ಲಿಷು ಎರಡು ದಾರಿಗಳಲ್ಲಿ ಬಂದಿದೆ. ಒಂದು ಎಲ್ಲರ ಕಿವಿಗೂ ಬೀಳುವ ಎರವಲು ಪದಗಳ ದಾರಿ. ಇನ್ನೊಂದು ಕನ್ನಡದ ಉಡುಗೆ ತೊಟ್ಟು ಬಂದ ಪರಿಕಲ್ಪನೆಗಳ ದಾರಿ. ಎರವಲಿನ ಅಧ್ಯಯನಗಳು ಸಾಮಾನ್ಯವಾಗಿ ಮೊದಲನೆಯದನ್ನು ಎಣಿಸುತ್ತವೆ. ಹೆಚ್ಚು ಬದಲಾವಣೆ ತಂದದ್ದು ಎರಡನೆಯದು ಎಂಬುದು ನಮ್ಮ ವಾದ.

ಇಂಗ್ಲಿಷು ಬರುವ ಮೊದಲೂ ಇಲ್ಲಿನ ಹಾಡಿನ ಪರಿಭಾಷೆ ಒಂದೇ ಬೇರಿನದಾಗಿರಲಿಲ್ಲ. ಪಲ್ಲವಿ ಸಂಸ್ಕೃತದ್ದು, ಚಾಲ ಮರಾಠಿಯ ಮೂಲಕ ಬಂದದ್ದು, ಹರದೇಶಿ-ನಾಗೇಶಿಯರ ಸವಾಲ್-ಜವಾಬು ಅರಬ್ಬಿಯದು. ಏರು, ಇಳುವು, ನುಡಿ ಅಚ್ಚಗನ್ನಡದವು. ಗೀಗೀ ಪದವಂತೂ ತನ್ನ ಹೆಸರನ್ನು ಹಿಮ್ಮೇಳದವರ ದನಿಯಿಂದಲೇ ಪಡೆದಿದೆ. ಇಲ್ಲಿ ಒಂದು ಸಂಗತಿ ಗಮನಾರ್ಹ. ಮಾತಿನ ಘಟಕಗಳ ಹೆಸರೇ ಹಾಡಿನ ಘಟಕಗಳ ಹೆಸರೂ ಹೌದು: ಪದವೆಂದರೆ ಶಬ್ದವೂ ಹಾಡೂ, ನುಡಿಯೆಂದರೆ ಮಾತೂ ಹಾಡಿನ ಒಂದು ಖಂಡವೂ. ಆದ್ದರಿಂದಲೇ ಪದವನ್ನು ‘ಹಾಡು’ವುದಷ್ಟೇ ಅಲ್ಲ, ‘ಹೇಳು’ತ್ತಾರೆ, ‘ಅನ್ನು’ತ್ತಾರೆ, ‘ಕಟ್ಟು’ತ್ತಾರೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 1964ರ ತಮ್ಮ ಕಥನಕಾವ್ಯಕ್ಕೆ ‘ಹೇಳತೇನ ಕೇಳ’ ಎಂದು ಹೆಸರಿಟ್ಟದ್ದು ಈ ಹಿನ್ನೆಲೆಯಲ್ಲಿ ಕೇವಲ ಕವಿಯ ಆಯ್ಕೆಯಲ್ಲ, ಸೀಮೆಯ ವ್ಯಾಕರಣವೂ ಹೌದು. ಇಂಗ್ಲಿಷಿನಲ್ಲಿ ಹಾಡಿನ ನಾಮಪದ ಹಾಡುವ ಕ್ರಿಯಾಪದದ ಸಂಬಂಧಿ. ಹೇಳಿಕೆಗೆ ಅಲ್ಲಿ ಬೇರೆಯೇ ಮನೆ. ಎಲ್ಲ ಕ್ರಿಯೆಗಳನ್ನೂ ಒಂದೇ ಇಂಗ್ಲಿಷ್ ಕ್ರಿಯಾಪದದಿಂದ ಅರ್ಥೈಸುವ ನಮ್ಮ ಪಠ್ಯಸಂಗ್ರಹಗಳಲ್ಲಿ ಈ ಸಂಬಂಧ ಅಳಿಸಿಹೋಗುತ್ತದೆ.

ಮೊದಲ ದಾರಿಯ ಎರವಲುಗಳಲ್ಲಿ ರಂಗಭೂಮಿಯ ಪಾಲು ದೊಡ್ಡದು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಜಿಲ್ಲೆಗೆ ಮರಾಠಿ ಸಂಗೀತ ನಾಟಕದ ನಂಟು ಹತ್ತಿರದ್ದು. ಆ ಪರಂಪರೆಯ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ‘ಶಾಕುಂತಲ’ ರಂಗಕ್ಕೆ ಬಂದದ್ದು 1880ರಲ್ಲಿ. ತಂಡಕ್ಕೆ ‘ಕಂಪನಿ’ ಎಂಬ ಹೆಸರಾಯಿತು. ಮೆಚ್ಚಿದ ಹಾಡನ್ನು ಮತ್ತೆ ಬೇಡುವ ಕೂಗಿಗೆ ‘ಒನ್ಸ್‌ಮೋರ್’ ಎಂಬ ಹೆಸರಾಯಿತು. ಇಂಗ್ಲಿಷರು ತಮ್ಮ ರಂಗಮಂದಿರಗಳಲ್ಲಿ ಇದಕ್ಕೆ ಬಳಸುವುದು ‘ಆಂಕೋರ್’ ಎಂಬ ಫ್ರೆಂಚ್ ಶಬ್ದವನ್ನು. ಫ್ರೆಂಚರಾದರೋ ‘ಬಿಸ್’ ಎಂಬ ಲ್ಯಾಟಿನ್ ಶಬ್ದವನ್ನು ಕೂಗುತ್ತಾರೆ. ಮತ್ತೊಮ್ಮೆ ಹಾಡೆಂದು ಕೇಳುವಾಗ ಎಲ್ಲರಿಗೂ ನೆರೆಯವರ ಭಾಷೆಯೇ ಬೇಕಾಗುತ್ತದೆಯೋ ಏನೋ! ಕನ್ನಡದಲ್ಲಿ ಒನ್ಸ್‌ಮೋರ್ ಕೂಗಾಗಿ ಉಳಿಯದೆ ನಾಮಪದವಾಯಿತು. ಹಾಡಿಗೆ ಎರಡು ಒನ್ಸ್‌ಮೋರ್ ‘ಬೀಳು’ತ್ತವೆ.

ಹಾರ್ಮೋನಿಯಮ್ಮಿನ ಇತಿಹಾಸ ಇದಕ್ಕೆ ವಿರುದ್ಧವಾದುದು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಇಲ್ಲಿ ‘ಪೇಟಿ’ಯಾಯಿತು. ಪಾಶ್ಚಾತ್ಯರು ಅದರ ಸ್ವರಗಳಿಗೆ ಕೊಟ್ಟಿದ್ದ ಅಕ್ಷರದ ಹೆಸರುಗಳು ಅದರೊಂದಿಗೆ ಬರಲಿಲ್ಲ. ಮರಾಠಿಯವರು ‘ಕಾಳೀ ಏಕ’, ‘ಪಾಂಢರೀ ಚಾರ’ ಎನ್ನುವಂತೆ ನಮ್ಮವರೂ ಕರಿ ಒಂದು, ಬಿಳಿ ನಾಲ್ಕು ಎಂದು ಮನೆಗಳ ಬಣ್ಣ ಹಿಡಿದು ಶ್ರುತಿಯನ್ನು ಗುರುತಿಸಿದರು. ವಸ್ತು ಬಂದಾಗಲೆಲ್ಲ ಅದರ ಪರಿಭಾಷೆಯೂ ಬರುತ್ತದೆ ಎಂಬ ಸರಳ ನಂಬಿಕೆಗೆ ಇದು ಒಳ್ಳೆಯ ಪ್ರತ್ಯುದಾಹರಣೆ.

ಮುಂದಿನ ಎರವಲುಗಳಾದ ರೆಕಾರ್ಡು, ಮೈಕು, ಕ್ಯಾಸೆಟ್ಟುಗಳಲ್ಲಿ ಹೇಳಬೇಕಾದದ್ದು ಕಡಿಮೆ. ಆದರೆ ಅವುಗಳ ಜೊತೆ ಬರುವ ಕ್ರಿಯಾಪದ ಕುತೂಹಲಕರ. ಹಾಡು, ರೆಕಾರ್ಡು, ಡಿಜೆ ಎಲ್ಲವನ್ನೂ ಇಲ್ಲಿ ‘ಹಚ್ಚು’ತ್ತಾರೆ, ದೀಪ, ಸುಣ್ಣ, ಅರಿಸಿನಗಳಿಗೆ ಹೊಂದುವ ಅದೇ ಕ್ರಿಯಾಪದ. ಮರಾಠಿಯ ‘ಲಾವಣೆ’ಯ ವ್ಯಾಪ್ತಿಯೂ ಹೀಗೆಯೇ ಇದೆ. ‘ಲಾವಣಿ’ ಎಂಬುದನ್ನು ಆ ಧಾತುವಿನಿಂದಲೇ ನಿಷ್ಪನ್ನವೆಂದು ಹೇಳುವ ಒಂದು ಮತವೂ ಉಂಟು. ನಾಮಪದಗಳು ಇಂಗ್ಲಿಷಿನಿಂದ ಬಂದರೂ ಅವುಗಳನ್ನು ನಡೆಸುವ ಕ್ರಿಯೆ ಕನ್ನಡ-ಮರಾಠಿ ಗಡಿಯ ಸಮಾನ ಆಸ್ತಿಯಾಗಿ ಉಳಿದಿದೆ. ಅರ್ಥಗಳೂ ಹಾಗೆಯೇ ಒಗ್ಗಿವೆ: ಡಿಜೆ ಎಂದರೆ ವ್ಯಕ್ತಿಯಲ್ಲ, ಧ್ವನಿವರ್ಧಕಗಳ ರಾಶಿ, ಆರ್ಕೆಸ್ಟ್ರಾ ಎಂದರೆ ವಾದ್ಯವೃಂದಕ್ಕಿಂತ ಹೆಚ್ಚಾಗಿ ಸಿನಿಮಾ ಹಾಡುಗಳ ರಾತ್ರಿ.

ಎರಡನೆಯ ದಾರಿ ಸದ್ದಿಲ್ಲದ್ದು. ಮುಂಬಯಿ ಸಿವಿಲ್ ಸೇವೆಯಲ್ಲಿದ್ದ ಜೆ. ಎಫ್. ಫ್ಲೀಟ್ ಅವರು 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಸಂಗೊಳ್ಳಿ ರಾಯಣ್ಣನದು ಮೊದಲಾದ ಕನ್ನಡ ಲಾವಣಿಗಳನ್ನು ಅಚ್ಚು ಮಾಡಿಸಿದರು, ಅವಕ್ಕೆ ಅವರಿಟ್ಟ ಹೆಸರು ‘ಬ್ಯಾಲಡ್’. ನೃತ್ಯವನ್ನು ಸೂಚಿಸುವ ಹಳೆಯ ರೊಮಾನ್ಸ್ ಧಾತುವಿನಿಂದ ಬಂದ ಆ ಶಬ್ದ ಇಂಗ್ಲಿಷಿನಲ್ಲಿ ಕಥೆ ಹೇಳುವ ಹಾಡಿಗೆ ನಿಂತಿತ್ತು. ಕನ್ನಡ ವಿದ್ವತ್ತು ಅದನ್ನು ‘ಕಥನಗೀತೆ’ಯಾಗಿ ಅನುವಾದಿಸಿತು. ಕಥೆಯಿಲ್ಲದ, ವಾದವನ್ನೇ ಉಸಿರಾಗಿಸಿಕೊಂಡ ಲಾವಣಿಗಳು ಆ ವರ್ಗೀಕರಣದ ಅಂಚಿಗೆ ಸರಿದವು. ‘ಕೋರಸ್’ ಮಾಡಿದ ಗೊಂದಲ ಇನ್ನೊಂದು ಬಗೆಯದು. ಇಂಗ್ಲಿಷಿನಲ್ಲಿ ಅದು ಹಾಡುವ ಗುಂಪೂ ಹೌದು, ಮರಳಿ ಬರುವ ಸಾಲೂ ಹೌದು. ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣನ ಮತ್ತು ಕೌಜಲಗಿ ನಿಂಗಮ್ಮನ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತದ ಆಟದಲ್ಲಾದರೋ ಹಿಮ್ಮೇಳ ಬೇರೆ, ಪಲ್ಲ ಬೇರೆ. ಎರಡಕ್ಕೂ ಒಂದೇ ಇಂಗ್ಲಿಷ್ ಶಬ್ದ ಬರೆದ ವಿಶ್ಲೇಷಣೆ ಯಾರು ಹಾಡಿದರು, ಏನು ಮರಳಿತು ಎಂಬುದನ್ನೇ ಮುಚ್ಚುತ್ತದೆ.

‘ಜಾನಪದ’ ಎಂಬುದರ ಕಥೆ ಇನ್ನೂ ದೂರ ಹೋಗುತ್ತದೆ. 1846ರಲ್ಲಿ ವಿಲಿಯಂ ಥಾಮ್ಸ್ ಟಂಕಿಸಿದ ‘ಫೋಕ್‌ಲೋರ್’ಗೆ ಸಂವಾದಿಯಾಗಿ ಈ ಹಳೆಯ ಸಂಸ್ಕೃತ ಶಬ್ದಕ್ಕೆ ಹೊಸ ಅರ್ಥ ಕೂಡಿತು. ಹಲಸಂಗಿ ಗೆಳೆಯರು 1931ರಲ್ಲಿ ತಮ್ಮ ಸಂಗ್ರಹವನ್ನು ‘ಗರತಿಯ ಹಾಡು’ ಎಂದಷ್ಟೇ ಕರೆದಿದ್ದರು. ಮುಂದೆ ‘ಜನಪದ ಗೀತೆ’ ನೆಲೆಗೊಂಡಾಗ ಅದರೊಡನೆ ‘ಅನಾಮಿಕ ಕರ್ತೃ’ ಎಂಬ ಐರೋಪ್ಯ ಭಾವನೆಯೂ ಬಂದಿತು. ಲಾವಣಿಯ ಕೊನೆಯ ನುಡಿಯಲ್ಲಾದರೋ ಕವಿ ತನ್ನ ಊರು, ಗುರು, ಹೆಸರುಗಳನ್ನು ಹೇಳಿಕೊಳ್ಳುವುದು ರೂಢಿ. ಆ ನುಡಿಯನ್ನು ಕೈಬಿಟ್ಟು ಸಂಗ್ರಹಿಸಿದರೆ ಕರ್ತೃವೇ ಇಲ್ಲದ ಹಾಡು ತಯಾರಾಗುತ್ತದೆ.

ಇಂದು ಆ ಶಬ್ದ ವಿಶ್ವವಿದ್ಯಾಲಯದಿಂದ ಊರಿಗೆ ಮರಳಿದೆ, ಬೇರೆ ಅರ್ಥದಲ್ಲಿ. ಈ ಭಾಗದ ಯುವಕರಿಗೆ ‘ಜಾನಪದ ಸಾಂಗ್’ ಎಂದರೆ ಸ್ಟುಡಿಯೋದಲ್ಲಿ ಟ್ರ್ಯಾಕಿಗೆ ಹಾಡಿ, ಯೂಟ್ಯೂಬಿನಲ್ಲಿ ‘ಬಿಡು’ವ, ಆಡುನುಡಿಯ ಹೊಸ ಪ್ರೇಮಗೀತೆ. ಸಾಹಿತ್ಯ ಯಾರದು, ಗಾಯನ ಯಾರದು ಎಂಬುದು ಅದರ ಮೊದಲ ಚಿತ್ರದಲ್ಲೇ ಬರೆದಿರುತ್ತದೆ. ಇದನ್ನು ಅಪಭ್ರಂಶವೆಂದು ತಳ್ಳಿಹಾಕುವ ವಿದ್ವಾಂಸರೊಡನೆ ನಮಗೆ ಸಹಮತವಿಲ್ಲ. ಹೆಸರು ಹೇಳಿಕೊಳ್ಳುವ ವಿಷಯದಲ್ಲಿ ಈ ಸಾಂಗ್ ನಮ್ಮ ‘ಜನಪದ ಗೀತೆ’ಗಿಂತ ಹಳೆಯ ಲಾವಣಿಗೇ ಹತ್ತಿರ. ಅಜ್ಜಿ ಬೀಸುವಾಗ ಅನ್ನುತ್ತಿದ್ದುದಕ್ಕೆ ಮಾತ್ರ ಈ ಹೆಸರು ತಾಗಿಲ್ಲ. ಅದು ಈಗಲೂ ಪದವೇ.