ಸರಕು ಸಾಗಣೆಯಲ್ಲಿ ದೇಶಗಳ ಸ್ಥಾನ: ವಿಶ್ವಬ್ಯಾಂಕ್ ಸೂಚ್ಯಂಕವೂ ವಿಜಯನಗರದ ಐದು ತಾಲ್ಲೂಕುಗಳೂ

ಒಂದು ದೇಶ ತನ್ನ ಸರಕನ್ನು ಎಷ್ಟು ಬೇಗ, ಎಷ್ಟು ಸುಲಭವಾಗಿ ಹಾಗೂ ಎಷ್ಟು ಖಚಿತವಾಗಿ ಗಡಿ ದಾಟಿಸಬಲ್ಲದು ಎಂಬುದನ್ನು ಅಂಕಿಯಲ್ಲಿ ಹೇಳುವ ಪ್ರಯತ್ನವೇ ಲಾಜಿಸ್ಟಿಕ್ಸ್ ಕಾರ್ಯಕ್ಷಮತೆ ಸೂಚ್ಯಂಕ. ಎಲ್‌ಪಿಐ ಎಂದು ಕರೆಯಲಾಗುವ ಈ ಸೂಚ್ಯಂಕವನ್ನು ವಿಶ್ವಬ್ಯಾಂಕ್ 2007ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. ನಂತರ 2010, 2012, 2014, 2016, 2018 ಹಾಗೂ 2023ರಲ್ಲಿ ಅದರ ಆವೃತ್ತಿಗಳು ಹೊರಬಂದವು. 2023ರ ಪಟ್ಟಿಯಲ್ಲಿದ್ದ 139 ದೇಶಗಳ ಪೈಕಿ ಸಿಂಗಪುರ ಮೊದಲ ಸ್ಥಾನದಲ್ಲಿದ್ದು, ಭಾರತ 38ನೇ ಸ್ಥಾನ ಪಡೆಯಿತು.

ಈ ಸ್ಥಾನಕ್ಕೆ ನಮ್ಮ ಆಡಳಿತದಲ್ಲಿ ಮಹತ್ವ ಬಂದಿದೆ. 2022ರ ಸೆಪ್ಟೆಂಬರ್ 17ರಂದು ಘೋಷಣೆಯಾದ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯು 2030ರೊಳಗೆ ಭಾರತವನ್ನು ಮೊದಲ 25 ದೇಶಗಳ ಸಾಲಿಗೆ ತರುವ ಗುರಿ ಹಾಕಿಕೊಂಡಿದೆ. ಆದ್ದರಿಂದ ಈ ಅಂಕಿ ಹೇಗೆ ಹುಟ್ಟುತ್ತದೆ, ಏನನ್ನು ಅಳೆಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಬಂದರಿನಿಂದ ದೂರವಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಯಂತಹ ಒಳನಾಡಿನ ತಾಲ್ಲೂಕುಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು.

ಅಳತೆಯ ಆರು ಅಂಶಗಳು

ಸೂಚ್ಯಂಕವು ಆರು ಅಂಶಗಳನ್ನು ಪರಿಗಣಿಸುತ್ತದೆ. ಸುಂಕದ ಕಟ್ಟೆ ಹಾಗೂ ಗಡಿ ತಪಾಸಣೆಯ ದಕ್ಷತೆ, ರಸ್ತೆ-ರೈಲು-ಬಂದರುಗಳ ಗುಣಮಟ್ಟ, ಸ್ಪರ್ಧಾತ್ಮಕ ದರದಲ್ಲಿ ವಿದೇಶಕ್ಕೆ ಸರಕು ಕಳುಹಿಸುವ ಅನುಕೂಲ, ಸಾಗಣೆ ಸಂಸ್ಥೆಗಳ ಸಾಮರ್ಥ್ಯ, ಸರಕು ಎಲ್ಲಿದೆ ಎಂದು ಪತ್ತೆ ಹಚ್ಚುವ ಸೌಲಭ್ಯ ಮತ್ತು ನಿಗದಿತ ವೇಳೆಗೆ ತಲುಪುವ ಖಾತರಿ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಆರನ್ನೂ ಸಂಖ್ಯಾಶಾಸ್ತ್ರದ ವಿಧಾನದಿಂದ ಒಂದುಗೂಡಿಸಿದಾಗ ದೇಶದ ಒಟ್ಟು ಅಂಕ ದೊರೆಯುತ್ತದೆ. 2023ರಲ್ಲಿ ಸಿಂಗಪುರದ ಅಂಕ 4.3, ಭಾರತದ ಅಂಕ 3.4.

ಅಂಕ ಕೊಡುವವರು ಯಾರು ಎಂಬುದು ಇಲ್ಲಿ ಮುಖ್ಯ. ಅವರು ಸರ್ಕಾರದ ಅಧಿಕಾರಿಗಳಲ್ಲ, ರೈತರೂ ಅಲ್ಲ. ಅಂತರರಾಷ್ಟ್ರೀಯ ಸರಕು ಸಾಗಣೆ ಮಧ್ಯವರ್ತಿಗಳು ಮತ್ತು ಕೊರಿಯರ್ ಕಂಪನಿಗಳಲ್ಲಿ ದುಡಿಯುವ ಅನುಭವಿಗಳು. ಪ್ರತಿಯೊಬ್ಬರೂ ತಾವು ವ್ಯವಹರಿಸುವ ಗರಿಷ್ಠ ಎಂಟು ಹೊರದೇಶಗಳನ್ನು ಅಳೆಯುತ್ತಾರೆ. ಅಂದರೆ ಭಾರತದ ಅಂಕವು ಭಾರತದೊಡನೆ ವ್ಯವಹರಿಸುವ ಪರದೇಶದವರ ಅಭಿಪ್ರಾಯದ ಸಾರ. 2023ರ ವರದಿಯಲ್ಲಿ ಇದರ ಜೊತೆಗೆ ಕಂಟೇನರ್, ವಿಮಾನ ಸರಕು ಹಾಗೂ ಅಂಚೆ ಪಾರ್ಸೆಲ್‌ಗಳ ಚಲನೆಯ ದತ್ತಾಂಶದಿಂದ ಪಡೆದ ದಿನಗಳ ಲೆಕ್ಕವನ್ನೂ ಪ್ರತ್ಯೇಕವಾಗಿ ಕೊಡಲಾಗಿದೆ.

ಸ್ಥಾನ ಬೇರೆ, ಅಂಕ ಬೇರೆ

ಭಾರತದ ಸ್ಥಾನ 2007ರಲ್ಲಿ 39, 2010ರಲ್ಲಿ 47, 2012ರಲ್ಲಿ 46, 2014ರಲ್ಲಿ 54, 2016ರಲ್ಲಿ 35, 2018ರಲ್ಲಿ 44 ಮತ್ತು 2023ರಲ್ಲಿ 38. ಈ ಏರಿಳಿತವನ್ನು ಮಾತ್ರ ನೋಡಿದವರಿಗೆ ದೇಶದ ರಸ್ತೆ-ಬಂದರುಗಳು ಎರಡು ವರ್ಷಕ್ಕೊಮ್ಮೆ ಹಾಳಾಗಿ ಮತ್ತೆ ಸುಧಾರಿಸಿದಂತೆ ತೋರೀತು.

ಅಂಕಗಳು ಬೇರೆಯದೇ ಕಥೆ ಹೇಳುತ್ತವೆ. 2012ರಲ್ಲಿ ಭಾರತದ ಅಂಕ 3.08. 2014ರಲ್ಲಿಯೂ ಅದು 3.08. ಅಂಕ ಕದಲದಿದ್ದರೂ ಸ್ಥಾನ ಎಂಟು ಮೆಟ್ಟಿಲು ಕೆಳಗಿಳಿಯಿತು. ಪಟ್ಟಿಯ ನಡುಭಾಗದಲ್ಲಿ ಅನೇಕ ದೇಶಗಳು ಒತ್ತೊತ್ತಾಗಿ ನಿಂತಿರುವುದರಿಂದ ಉಳಿದವರು ಸ್ವಲ್ಪ ಮೇಲೆ ಸರಿದರೂ ನಾವು ನಿಂತಲ್ಲೇ ಹಿಂದೆ ಬೀಳುತ್ತೇವೆ. ಸಮೀಕ್ಷೆಯ ಅಂಕದಲ್ಲಿ ಹೆಚ್ಚುಕಡಿಮೆಯ ಅವಕಾಶ ಇದ್ದೇ ಇರುತ್ತದೆ. ವಿಶ್ವಬ್ಯಾಂಕ್ ಕೂಡ ಅದರ ಮಿತಿಯನ್ನು ಅಂಕದೊಂದಿಗೆ ಪ್ರಕಟಿಸುತ್ತದೆ. ಹೀಗಾಗಿ ಒಂದೆರಡು ಸ್ಥಾನಗಳ ಏರಿಳಿತದಿಂದ ಹೆಚ್ಚಿನ ಅರ್ಥ ಹೊರಡದು.

ಬಿಡಿ ಅಂಶಗಳ ಬದಲಾವಣೆ ಹೆಚ್ಚು ಉಪಯುಕ್ತ. 2018ರಿಂದ 2023ರ ನಡುವೆ ಅಂತರರಾಷ್ಟ್ರೀಯ ರವಾನೆಯಲ್ಲಿ ಭಾರತ 44ರಿಂದ 22ಕ್ಕೆ ಏರಿತು. ಮೂಲಸೌಕರ್ಯದಲ್ಲಿ 52ರಿಂದ 47ಕ್ಕಷ್ಟೇ ಬಂದಿತು. ಹಡಗಿಗೆ ಹತ್ತಿಸುವ ಕೆಲಸ ಸುಧಾರಿಸಿದ ವೇಗದಲ್ಲಿ ನೆಲದ ಮೇಲಿನ ಸೌಲಭ್ಯಗಳ ಸ್ಥಾನ ಏರಲಿಲ್ಲ.

ಐದು ತಾಲ್ಲೂಕುಗಳ ಚಿತ್ರ

ನೆಲದ ಮೇಲಿನ ಈ ದಾರಿಯನ್ನು ಅರಿಯಲು ವಿಜಯನಗರ ಜಿಲ್ಲೆ ಉತ್ತಮ ನಿದರ್ಶನ. ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ರೂಪುಗೊಂಡ ಈ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಮೇಲೆ ಹೆಸರಿಸಿದ ಐದು ತಾಲ್ಲೂಕುಗಳು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಜೋಳ, ಸೂರ್ಯಕಾಂತಿ ಇಲ್ಲಿನ ಹೊಲಗಳ ಬೆಳೆ. ಬಹುಪಾಲು ಮಳೆಯನ್ನೇ ನಂಬಿದ ಬೇಸಾಯ.

ಸಾರಿಗೆಯ ದೃಷ್ಟಿಯಿಂದ ಐದೂ ಒಂದೇ ತೆರನಾಗಿಲ್ಲ. ಕೂಡ್ಲಿಗಿ ಚಿತ್ರದುರ್ಗ-ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ. ಹಿಂದೆ ಇದನ್ನು ಹೆದ್ದಾರಿ 13 ಎಂದು ಕರೆಯುತ್ತಿದ್ದರು. ಆದರೆ ಅದಕ್ಕೆ ರೈಲಿಲ್ಲ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಹೊಸಪೇಟೆ-ಹರಿಹರ ರೈಲು ಮಾರ್ಗದಲ್ಲಿವೆ. ಬ್ರಿಟಿಷರ ಕಾಲದಲ್ಲಿ ಹೊಸಪೇಟೆಯಿಂದ ಬಂದ ಮೀಟರ್ ಗೇಜ್ ಹಳಿ ಕೊಟ್ಟೂರಿನಲ್ಲಿಯೇ ಕೊನೆಗೊಳ್ಳುತ್ತಿತ್ತು. ಅದು ಬ್ರಾಡ್ ಗೇಜ್ ಆಗಿ, ಮುಂದೆ ಹರಿಹರಕ್ಕೆ ಕೂಡಿಕೊಳ್ಳಲು ಹಲವು ದಶಕಗಳೇ ಬೇಕಾದವು.

ಹೂವಿನಹಡಗಲಿ ಪಟ್ಟಣಕ್ಕೂ ರೈಲಿನ ಸಂಪರ್ಕವಿಲ್ಲ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೂಲಕ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತು, ಆದ್ದರಿಂದಲೇ ಊರಿಗೆ ಈ ಹೆಸರು ಬಂದಿತು ಎಂಬ ಪ್ರತೀತಿ ಇದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಹಡಗಲಿ ಮಲ್ಲಿಗೆಗೆ ಇಂದಿಗೂ ವೇಳೆಯೇ ಬೆಲೆ. ಬೆಳಗಿನ ಮೊಗ್ಗು ಸಕಾಲಕ್ಕೆ ಮಾರುಕಟ್ಟೆ ಸೇರದಿದ್ದರೆ ಅರಳಿ ಬೆಲೆ ಕಳೆದುಕೊಳ್ಳುತ್ತದೆ. ಸೂಚ್ಯಂಕದ ಆರನೆಯ ಅಂಶವಾದ ‘ನಿಗದಿತ ವೇಳೆ’ಯ ಅರ್ಥ ಹೂವಿನ ಬೆಳೆಗಾರನಿಗೆ ಯಾರೂ ವಿವರಿಸಬೇಕಿಲ್ಲ.

ಅಳತೆಗೆ ಸಿಗದ ದಾರಿ

ಇಲ್ಲಿನ ಮೆಕ್ಕೆಜೋಳ ಅಥವಾ ಈರುಳ್ಳಿ ಪರದೇಶಕ್ಕೆ ಹೋಗಬೇಕಾದರೆ ಮೊದಲು ಹೊಲದಿಂದ ಟ್ರ್ಯಾಕ್ಟರ್‌ನಲ್ಲಿ ಎಪಿಎಂಸಿ ಪ್ರಾಂಗಣಕ್ಕೆ ಬರಬೇಕು. ಅಲ್ಲಿ ಒಣಗಿಸುವುದು, ಚೀಲ ತುಂಬುವುದು, ತೂಕ, ಹಮಾಲಿ, ಖರೀದಿ ಎಲ್ಲವೂ ಮುಗಿದ ಮೇಲೆ ಲಾರಿ ಹತ್ತಿ ದಾವಣಗೆರೆಗೋ ಬೆಂಗಳೂರಿಗೋ ಹೊರಡುತ್ತದೆ. ಕಂಟೇನರ್ ಡಿಪೋ ಮತ್ತು ಬಂದರಿನ ಸರದಿ ಆ ನಂತರದ್ದು. ವಿದೇಶದ ಸಾಗಣೆದಾರನಿಗೆ ಕಾಣುವುದು ಈ ಕೊನೆಯ ಭಾಗ ಮಾತ್ರ.

ಒಂದು ಸರಳ ಲೆಕ್ಕ ಮಾಡೋಣ. ಹೊಲದಿಂದ ಹಡಗಿನವರೆಗೆ ಒಟ್ಟು 10 ದಿನ ಹಿಡಿಯುತ್ತದೆ, ಅದರಲ್ಲಿ ಬಂದರಿನ ಪಾಲು 4 ದಿನ ಎಂದಿಟ್ಟುಕೊಳ್ಳೋಣ. ಬಂದರಿನ ಕಾಯುವಿಕೆ 2 ದಿನಕ್ಕೆ ಇಳಿದರೆ ಹೊರಗಿನವರ ಕಣ್ಣಿಗೆ ಶೇ 50ರಷ್ಟು ಸುಧಾರಣೆ. ಬೆಳೆದವನ ಪಾಲಿಗೆ 10 ದಿನ 8 ಆಯಿತು, ಅಂದರೆ ಶೇ 20 ಮಾತ್ರ. ಉಳಿದ 6 ದಿನಗಳಲ್ಲಿ ಈರುಳ್ಳಿ ಕೊಳೆತರೂ, ಜೋಳ ಮಳೆಗೆ ನೆನೆದರೂ ದೇಶದ ಅಂಕ ಇಳಿಯುವುದಿಲ್ಲ.

ಸರ್ಕಾರದ ನಿರ್ಧಾರಗಳಿಂದ ಆಗುವ ತಡೆಯೂ ಸೂಚ್ಯಂಕದಲ್ಲಿ ನೇರವಾಗಿ ದಾಖಲಾಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರವು ಈರುಳ್ಳಿ ರಫ್ತನ್ನು ನಿಷೇಧಿಸಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾದರೂ ರಫ್ತು ಸುಂಕ ಉಳಿಯಿತು. 2025ರ ಏಪ್ರಿಲ್ 1ರಂದು ಸುಂಕವೂ ರದ್ದಾಯಿತು. ಆ ತಿಂಗಳುಗಳಲ್ಲಿ ರಸ್ತೆ, ಬಂದರು ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಬೆಳೆಗಾರನಿಗೆ ಹೊರದೇಶದ ಬಾಗಿಲು ಮುಚ್ಚಿತ್ತು.

ರಾಜ್ಯಗಳ ಹೋಲಿಕೆ

ದೇಶದ ಸರಾಸರಿ ಅಂಕ ಸಾಲದು ಎಂಬ ಅರಿವಿನಿಂದ ಕೇಂದ್ರ ವಾಣಿಜ್ಯ ಸಚಿವಾಲಯವು 2018ರಿಂದ ರಾಜ್ಯಗಳಿಗೂ ‘ಲೀಡ್ಸ್’ ಹೆಸರಿನ ಸೂಚ್ಯಂಕ ಹೊರತರುತ್ತಿದೆ. 2022ರಿಂದ ಕ್ರಮಸಂಖ್ಯೆಯ ಬದಲು ರಾಜ್ಯಗಳನ್ನು ಗುಂಪುಗಳಾಗಿ ವಿಂಗಡಿಸಲಾಗುತ್ತಿದೆ. 2023 ಮತ್ತು 2024ರಲ್ಲಿ ಕರ್ನಾಟಕವು ಕರಾವಳಿ ರಾಜ್ಯಗಳ ಪೈಕಿ ಅತ್ಯುನ್ನತವಾದ ‘ಸಾಧಕ’ ಗುಂಪಿನಲ್ಲಿತ್ತು. ಆದರೆ ಇಲ್ಲಿಯೂ ಬೆಂಗಳೂರು, ಮಂಗಳೂರು, ಕೂಡ್ಲಿಗಿ ಒಂದೇ ಅಂಕದಡಿ ಸೇರುತ್ತವೆ.

ವೆಚ್ಚದ ಲೆಕ್ಕದಲ್ಲಿಯೂ ಇಂತಹುದೇ ಪಾಠವಿದೆ. ಭಾರತದ ಸಾಗಣೆ ವೆಚ್ಚ ಒಟ್ಟು ದೇಶೀಯ ಉತ್ಪನ್ನದ ಶೇ 13ರಿಂದ 14 ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯು ಕ್ರಮಬದ್ಧವಾಗಿ ಲೆಕ್ಕ ಹಾಕಿದಾಗ 2023-24ಕ್ಕೆ ಅದು ಶೇ 7.97 ಎಂದು ತಿಳಿದುಬಂದಿತು. ಈ ಎರಡು ಅಂಕಿಗಳ ನಡುವಿನ ಅಂತರ ಹುಟ್ಟಿದ್ದು ಮುಖ್ಯವಾಗಿ ಅಳತೆಯ ವಿಧಾನದಿಂದ. ವಿಶ್ವಬ್ಯಾಂಕಿನದೇ ‘ವ್ಯಾಪಾರ ಸುಗಮತೆ’ ಸೂಚ್ಯಂಕವನ್ನು ದತ್ತಾಂಶದ ಅಕ್ರಮಗಳ ಕಾರಣ 2021ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದ್ದನ್ನೂ ಮರೆಯುವಂತಿಲ್ಲ.

ತಾಲ್ಲೂಕು ಮಟ್ಟದ ಅಳತೆ ಸಾಧ್ಯವೇ?

ಕರ್ನಾಟಕಕ್ಕೆ ಇದು ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ 35 ಸೂಚಕಗಳನ್ನು ಆಧರಿಸಿ ರಾಜ್ಯದ ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಕೂಡ್ಲಿಗಿ ಮತ್ತು ಹರಪನಹಳ್ಳಿ ‘ಅತ್ಯಂತ ಹಿಂದುಳಿದ’ ವರ್ಗದಲ್ಲಿದ್ದವು. ಜಿಲ್ಲೆಯ ಸರಾಸರಿಯ ಮರೆಯಲ್ಲಿ ತಾಲ್ಲೂಕಿನ ಕೊರತೆ ಅಡಗಿಕೊಳ್ಳುತ್ತದೆ ಎಂಬುದನ್ನು ಆ ವರದಿ ತೋರಿಸಿಕೊಟ್ಟಿತು.

ಸಾಗಣೆಗೂ ಅದೇ ಕ್ರಮ ಅನ್ವಯಿಸಬಲ್ಲದು. ಪ್ರಾಂಗಣಕ್ಕೆ ಬಂದ ಮಾಲು ತೂಕವಾಗಿ ಹೊರಡಲು ಎಷ್ಟು ಗಂಟೆ, ರೈತನ ಕೈಗೆ ಹಣ ಸೇರಲು ಎಷ್ಟು ದಿನ, ದಾಸ್ತಾನಿನಲ್ಲಿ ಎಷ್ಟು ನಷ್ಟ, ಒಂದು ಟನ್ ಮೆಕ್ಕೆಜೋಳವನ್ನು ಬಂದರಿಗೆ ಒಯ್ಯಲು ಎಷ್ಟು ಖರ್ಚು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಎಪಿಎಂಸಿ ದಾಖಲೆಗಳು, 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ವೇ ಬಿಲ್, ರೈಲ್ವೆಯ ಸರಕು ಲೆಕ್ಕ ಇವುಗಳನ್ನು ಜೋಡಿಸಿದರೆ ಹೆಚ್ಚಿನ ಮಾಹಿತಿ ದೊರೆಯುತ್ತದೆ.

ದೇಶ 38ರಿಂದ 25ಕ್ಕೆ ಏರುವುದು ಅಪೇಕ್ಷಣೀಯವೇ. ಆದರೆ ಆ ಏರಿಕೆ ಬಂದರಿನ ಗೇಟಿನಲ್ಲಿ ಆಯಿತೋ, ಹರಪನಹಳ್ಳಿಯ ಪ್ರಾಂಗಣದಲ್ಲಿಯೂ ಆಯಿತೋ ಎಂಬುದನ್ನು ಈಗಿರುವ ಸೂಚ್ಯಂಕಗಳು ಹೇಳಲಾರವು. ಅದನ್ನು ತಿಳಿಯಬೇಕಾದರೆ ಅಳತೆಯನ್ನು ಹೊಲದ ಬದುವಿನಿಂದಲೇ ಆರಂಭಿಸಬೇಕಾಗುತ್ತದೆ.